ಬಾಕಿ ಉಳಿದ ಐಟಿ ರಿಟರ್ನ್: ಮೊದಲು ವರ್ಷ ಬೇರ್ಪಡಿಸಿ, ಆಮೇಲೆ ದುಡ್ಡು ಕಟ್ಟಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಳೆಯ ರಿಟರ್ನ್‌ಗಳ ನೆನಪಾಗುವುದು ಹೆಚ್ಚಾಗಿ ಎರಡೇ ಹೊತ್ತಿನಲ್ಲಿ. ಲಾರಿಗೋ ಮನೆಗೋ ಸಾಲ ಕೇಳಲು ಹೋದಾಗ ಬ್ಯಾಂಕಿನವರು “ಮೂರ್ ವರ್ಷದ್ದು ಐಟಿ ತಗೊಂಡ್ ಬರ್ರಿ” ಅಂದಾಗ, ಇಲ್ಲವೇ ಇಲಾಖೆಯಿಂದ ಮೊಬೈಲಿಗೆ ಮೆಸೇಜು ಬಂದಾಗ. ಆಗ ಜನ ಆಡಿಟರ್ ಬಳಿಗೋ ಕಂಪ್ಯೂಟರ್ ಸೆಂಟರಿಗೋ ಓಡಿ “ಹಿಂದಿನದೆಲ್ಲಾ ಒಮ್ಮೆಲೇ ಹಾಕಿಬಿಡ್ರಿ” ಅನ್ನುತ್ತಾರೆ.

ಒಮ್ಮೆಲೇ ಹಾಕಲು ಬರುವುದಿಲ್ಲ. ಬಂದರೂ ಹಾಕಬಾರದು. ಬಿಟ್ಟುಹೋದ ವರ್ಷಗಳಲ್ಲಿ ಕೆಲವು ವರ್ಷ ನೀವು ಇಲಾಖೆಗೆ ಕೊಡಬೇಕಿರುತ್ತದೆ, ಕೆಲವು ವರ್ಷ ಇಲಾಖೆಯೇ ನಿಮಗೆ ಕೊಡಬೇಕಿರುತ್ತದೆ, ಇನ್ನು ಕೆಲವು ವರ್ಷ ಯಾರಿಗೂ ಯಾರ ಬಾಕಿಯೂ ಇರುವುದಿಲ್ಲ. ಈ ಮೂರಕ್ಕೂ ದಾರಿ ಬೇರೆ, ಗಡುವು ಬೇರೆ. ಬೇರ್ಪಡಿಸದೆ ಹೋದವರು ಕಟ್ಟಬೇಕಿಲ್ಲದ ಕಡೆ ದಂಡ ಕಟ್ಟುತ್ತಾರೆ, ವಾಪಸ್ ಬರಬೇಕಾದ ಕಡೆ ಗಡುವು ಕಳೆದುಕೊಳ್ಳುತ್ತಾರೆ.

ಲಾಗಿನ್ ನಿಮ್ಮ ಕೈಯಲ್ಲಿರಲಿ

ಮೊದಲ ಕೆಲಸಕ್ಕೆ ಲೆಕ್ಕ ಬೇಕಿಲ್ಲ, ಫೋನ್ ಸಾಕು. ಇಲಾಖೆಯ ಇ-ಫೈಲಿಂಗ್ ಪೋರ್ಟಲಿನಲ್ಲಿ ನಿಮ್ಮ ಪ್ಯಾನ್ ಹಾಕಿ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆಧಾರ್ ಒಟಿಪಿ ಮೂಲಕ ಹೊಸದು ಮಾಡಿಕೊಳ್ಳಬಹುದು, ಆಧಾರಿಗೆ ಮೊಬೈಲ್ ಜೋಡಣೆ ಆಗಿರಬೇಕು ಅಷ್ಟೆ.

ಒಳಗೆ ಹೋದವರು ಎಲ್ಲಕ್ಕಿಂತ ಮೊದಲು ಪ್ರೊಫೈಲ್ ತೆರೆದು ಅಲ್ಲಿರುವ ಮೊಬೈಲ್ ನಂಬರು, ಇಮೇಲ್ ಯಾರದ್ದೆಂದು ನೋಡಿ. ನಮ್ಮ ಕಡೆ ಹತ್ತರಲ್ಲಿ ಎಷ್ಟೋ ಜನರ ಪ್ರೊಫೈಲಿನಲ್ಲಿ ಯಾವಾಗಲೋ ಒಮ್ಮೆ ರಿಟರ್ನ್ ಹಾಕಿಕೊಟ್ಟವರ ನಂಬರು ಕೂತಿರುತ್ತದೆ. ಆತ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗಿರುತ್ತಾನೆ, ನೋಟಿಸುಗಳು ಮಾತ್ರ ಅವನ ಇಮೇಲಿಗೆ ಹೋಗಿ ಬೀಳುತ್ತಿರುತ್ತವೆ. ಇಲಾಖೆಯ ಲೆಕ್ಕದಲ್ಲಿ ಅದು ನಿಮಗೆ ತಲುಪಿದಂತೆಯೇ. “ನನಗೆ ನೋಟಿಸೇ ಬಂದಿಲ್ಲ” ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ನಿಮ್ಮ ಸ್ವಂತ ನಂಬರು, ನಿಮ್ಮದೋ ಮಕ್ಕಳದೋ ಇಮೇಲ್ ಹಾಕಿ. ಆಡಿಟರ್ ಬೇಕಾದರೆ ಎರಡನೆಯ ನಂಬರಾಗಿ ಇರಲಿ.

ಜೊತೆಗೇ ಪ್ಯಾನ್-ಆಧಾರ್ ಜೋಡಣೆ ಆಗಿದೆಯೇ ನೋಡಿ. ಆಗಿಲ್ಲದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ನಿಷ್ಕ್ರಿಯ ಪ್ಯಾನ್‌ಗೆ ಹಣ ವಾಪಸ್ ಬರುವುದಿಲ್ಲ, ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದು ಇಲಾಖೆಗೆ ಕಟ್ಟುವ ತೆರಿಗೆ) ಹೆಚ್ಚಿನ ದರದಲ್ಲಿ ಕಡಿತವಾಗುತ್ತದೆ. 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಬೇಕು. ಆಧಾರದಲ್ಲಿ ಅಪ್ಪನ ಹೆಸರು ಸೇರಿಕೊಂಡು, ಪ್ಯಾನಿನಲ್ಲಿ ಬರೀ ಇನಿಷಿಯಲ್ ಇದ್ದು ಜೋಡಣೆ ನಿಂತುಹೋಗುವುದು ಸಾಮಾನ್ಯ. ಆಗ ಎರಡರಲ್ಲಿ ಒಂದನ್ನು ತಿದ್ದಿಸಬೇಕು. ಅದಕ್ಕೆ ದಿನ ಹಿಡಿಯುವುದರಿಂದ ಮಾರ್ಚ್ ಕೊನೆಗೆ ಇಟ್ಟುಕೊಳ್ಳಬೇಡಿ.

ರಿಟರ್ನ್ ಬಾಕಿ ಇಟ್ಟವರು ತೀರಿಕೊಂಡಿದ್ದರೆ, ವಾರಸುದಾರರು ಪೋರ್ಟಲಿನಲ್ಲಿ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಮುಂದುವರಿಯಬೇಕು. ತಂದೆಯ ಹೆಸರಿನ ಲಾಗಿನ್ನಿನಿಂದಲೇ ಹಾಕಬೇಡಿ.

ಇಲಾಖೆಗೆ ಏನೇನು ಗೊತ್ತಿದೆ ನೋಡಿ

ಇನ್ನು ಪ್ರತಿ ವರ್ಷಕ್ಕೂ ಎರಡು ಕಾಗದ ಇಳಿಸಿಕೊಳ್ಳಿ. ಒಂದು 26ಎಎಸ್, ನಿಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆ ಎನ್ನುವುದು ಅದರಲ್ಲಿದೆ. ಇನ್ನೊಂದು ಎಐಎಸ್, 2020-21ರ ಹಣಕಾಸು ವರ್ಷದಿಂದ ಈಚೆಗೆ ಸಿಗುತ್ತದೆ. ನಿಮ್ಮ ವ್ಯವಹಾರದ ಬಗ್ಗೆ ಬ್ಯಾಂಕು, ಸಬ್ ರಿಜಿಸ್ಟ್ರಾರ್ ಕಚೇರಿ, ಮ್ಯೂಚುವಲ್ ಫಂಡಿನವರು ಇಲಾಖೆಗೆ ಹೇಳಿದ್ದೆಲ್ಲ ಇದರಲ್ಲಿ ಬರುತ್ತದೆ. ಉಳಿತಾಯ ಖಾತೆಯಲ್ಲಿ ವರ್ಷಕ್ಕೆ 10 ಲಕ್ಷ ಅಥವಾ ಹೆಚ್ಚು ನಗದು ತುಂಬಿದರೆ, ಚಾಲ್ತಿ ಖಾತೆಯಲ್ಲಿ ಅದು 50 ಲಕ್ಷ ಮುಟ್ಟಿದರೆ, 30 ಲಕ್ಷ ಅಥವಾ ಹೆಚ್ಚಿನ ಆಸ್ತಿ ನೋಂದಣಿಯಾದರೆ ಅದು ವರದಿಯಾಗಿರುತ್ತದೆ.

ಎಐಎಸ್ ಕೊಡುವುದು ಅರ್ಧ ಚಿತ್ರ. ಗಂಗಾವತಿಯಲ್ಲಿ ಭತ್ತ ಮಾರಿ ಖಾತೆಗೆ ತುಂಬಿದ ನಗದು ಅದರಲ್ಲಿ “ನಗದು ಜಮೆ” ಎಂದಷ್ಟೇ ಇರುತ್ತದೆ, ಭತ್ತದ್ದೆಂದು ಇರುವುದಿಲ್ಲ. ಆ ಉಳಿದರ್ಧ ನಿಮ್ಮ ಮನೆಯಲ್ಲಿರಬೇಕು: ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿ, ಆ ವರ್ಷದ ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟು. ಹಳೆಯ ಸ್ಟೇಟ್‌ಮೆಂಟು ಕೊಡಲು ಕೆಲವು ಬ್ಯಾಂಕುಗಳು ಅರ್ಜಿ ಬರೆಸಿಕೊಂಡು ಹಣ ಕೇಳುತ್ತವೆ. ಕೊಟ್ಟು ತೆಗೆದುಕೊಳ್ಳಿ.

ಲಾರಿ ಮಾಲೀಕರು 26ಎಎಸ್‌ನಲ್ಲಿ ಒಂದು ವಿಷಯ ವಿಶೇಷವಾಗಿ ಹುಡುಕಬೇಕು. 10 ಲಕ್ಷ ಮೀರಿದ ಬೆಲೆಯ ವಾಹನ ಕೊಂಡಾಗ ಶೋರೂಮಿನವರು ಶೇ. 1ರಷ್ಟು ಟಿಸಿಎಸ್ (ಮಾರುವವರು ಬೆಲೆಯ ಜೊತೆ ವಸೂಲಿ ಮಾಡುವ ತೆರಿಗೆ) ಹಿಡಿದಿರುತ್ತಾರೆ. ಅದು ನೀವು ಆಗಲೇ ಕಟ್ಟಿದ ತೆರಿಗೆಯೇ. ಬಿಲ್ಲಿನ ಮೂಲೆಯಲ್ಲಿ ಇರುವ ಆ ಮೊತ್ತ ಬಹಳ ಜನರಿಗೆ ನೆನಪೇ ಇರುವುದಿಲ್ಲ.

ಈಗ ವರ್ಷಗಳನ್ನು ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಂಡು ವರ್ಷಕ್ಕೊಂದು ಸಾಲು ಬರೆಯಿರಿ: ಆದಾಯ, ಬರಬಹುದಾದ ತೆರಿಗೆ, ಆಗಲೇ ಕಡಿತವಾದ ಟಿಡಿಎಸ್ ಮತ್ತು ಟಿಸಿಎಸ್, ಉಳಿದ ಬಾಕಿ. ಬರೆಯುವಾಗ ಹಣಕಾಸು ವರ್ಷ, ಅಸೆಸ್‌ಮೆಂಟ್ ವರ್ಷ ಎರಡನ್ನೂ ಬರೆಯಿರಿ. 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ದುಡಿದದ್ದು 2023-24ರ ಅಸೆಸ್‌ಮೆಂಟ್ ವರ್ಷಕ್ಕೆ ಸೇರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಈ ಎರಡು ಹೆಸರಿನ ಗೋಜಲು ಮುಂದಿನ ವರ್ಷಗಳಿಗೆ ಹೋಗಿದೆ. ನಿಮ್ಮ ಹಳೆಯ ಬಾಕಿಗಳಿಗೆ ಮಾತ್ರ 1961ರ ಕಾಯ್ದೆಯೇ ಅನ್ವಯ, ಗೋಜಲೂ ಅದರ ಜೊತೆಗೇ.

ರಿಟರ್ನ್ ಹಾಕಲೇಬೇಕಿತ್ತೇ ಎಂಬ ಪ್ರಶ್ನೆ ಮೊದಲು. 60 ವರ್ಷ ದಾಟದವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಿತಿ 2.5 ಲಕ್ಷ. ಹೊಸ ಪದ್ಧತಿಯಲ್ಲಿ 2023-24 ಮತ್ತು 2024-25ರ ಹಣಕಾಸು ವರ್ಷಗಳಿಗೆ 3 ಲಕ್ಷ, 2025-26ಕ್ಕೆ 4 ಲಕ್ಷ. 80ಸಿ (ಎಲ್‌ಐಸಿಯಂಥ ಉಳಿತಾಯಕ್ಕೆ ಸಿಗುವುದು) ಮುಂತಾದ ರಿಯಾಯಿತಿ ಕಳೆಯುವ ಮೊದಲಿನ ಆದಾಯವನ್ನು ಈ ಮಿತಿಗೆ ಹೋಲಿಸಬೇಕು. ಇಲ್ಲೇ ಜನ ಎಡವುವುದು: “ನಂದು ಎಲ್‌ಐಸಿ ಎಲ್ಲ ಕಳೆದ್ರ ಟ್ಯಾಕ್ಸೇ ಬರಲ್ಲ” ಅನ್ನುವುದು ತೆರಿಗೆಯ ಮಾತು, ರಿಟರ್ನ್ ಹಾಕುವ ಹೊಣೆಯ ಮಾತಲ್ಲ. ಆದಾಯ ಮಿತಿಯೊಳಗಿದ್ದರೂ ವರ್ಷದ ಕರೆಂಟ್ ಬಿಲ್ 1 ಲಕ್ಷ ಮೀರಿದರೆ, ವ್ಯಾಪಾರದ ವಹಿವಾಟು 60 ಲಕ್ಷ ಮೀರಿದರೆ ರಿಟರ್ನ್ ಕಡ್ಡಾಯ. ಬಳ್ಳಾರಿಯ ಜೀನ್ಸ್ ಘಟಕಗಳನ್ನು, ಅದರಲ್ಲೂ ವಾಷಿಂಗ್ ಮಾಡುವವರನ್ನು, ಈ ಕರೆಂಟ್ ಬಿಲ್ಲಿನ ನಿಯಮ ನೇರವಾಗಿ ಹಿಡಿಯುತ್ತದೆ.

ತಡವಾಗಿ ಹಾಕುವವರಿಗೆ ಹಳೆಯ-ಹೊಸ ಪದ್ಧತಿಯ ಆಯ್ಕೆ ಉಳಿದಿರುವುದಿಲ್ಲ. 2022-23ರ ಹಣಕಾಸು ವರ್ಷದವರೆಗಿನದು ಹಳೆಯ ಪದ್ಧತಿಯಲ್ಲೇ, 2023-24ರಿಂದ ಈಚಿನದು ಹೊಸ ಪದ್ಧತಿಯಲ್ಲೇ. ಹೊಸ ಪದ್ಧತಿಯಲ್ಲಿ 80ಸಿ ರಿಯಾಯಿತಿ ಇಲ್ಲ, ಆದ್ದರಿಂದ 2023-24ಕ್ಕೆ ಎಲ್‌ಐಸಿ ರಸೀತಿ ಹುಡುಕುತ್ತ ಕೂರಬೇಡಿ, 2022-23ಕ್ಕೆ ಹುಡುಕಿ.

ಶಕ್ತಿನಗರ, ಹಟ್ಟಿ, ತೋರಣಗಲ್ಲಿನಂಥ ಕಡೆ ಸಂಬಳಕ್ಕಿರುವವರ ತೆರಿಗೆಯನ್ನು ಸಂಬಳದಲ್ಲೇ ಹಿಡಿಯುವುದರಿಂದ ಬಹುತೇಕ ವರ್ಷಗಳಲ್ಲಿ ಬಾಕಿ ಸೊನ್ನೆ ಬರುತ್ತದೆ. ಅಪವಾದ ಒಂದಿದೆ. ವರ್ಷದ ನಡುವೆ ಗುತ್ತಿಗೆದಾರ ಕಂಪನಿ ಬದಲಾದರೆ ಇಬ್ಬರೂ ತಮ್ಮ ತಮ್ಮ ಸಂಬಳಕ್ಕೆ ಪೂರ್ತಿ ವಿನಾಯಿತಿ ಕೊಟ್ಟು ಲೆಕ್ಕ ಹಾಕಿರುತ್ತಾರೆ. ಎರಡೂ ಕೂಡಿಸಿದಾಗ ಬಾಕಿ ಹೊರಬೀಳುತ್ತದೆ. ಎರಡು ಫಾರ್ಮ್ 16 (ಸಂಬಳ, ಟಿಡಿಎಸ್ ಲೆಕ್ಕದ ಬಗ್ಗೆ ಕಂಪನಿ ಕೊಡುವ ಕಾಗದ) ಇದ್ದ ವರ್ಷಕ್ಕೆ ಕೆಂಪು ಗೆರೆ ಹಾಕಿಡಿ.

ನೀವು ಕೊಡಬೇಕಾದ ವರ್ಷಗಳು

ಅಸೆಸ್‌ಮೆಂಟ್ ವರ್ಷದ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. 2025-26ರ ಆದಾಯಕ್ಕೆ ಆ ದಿನ 2026ರ ಡಿಸೆಂಬರ್ 31. ಇದಕ್ಕೆ ತಡದ ಶುಲ್ಕ 5,000 ರೂಪಾಯಿ, ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ತೆರಿಗೆ ಬಾಕಿ ಇದ್ದರೆ ತಿಂಗಳಿಗೆ ಶೇ. 1 ಬಡ್ಡಿ.

ಡಿಸೆಂಬರ್ ದಾಟಿತೆಂದರೆ ಉಳಿಯುವುದು ಐಟಿಆರ್-ಯು, ಅಂದರೆ ನವೀಕರಿಸಿದ (ಅಪ್‌ಡೇಟೆಡ್) ರಿಟರ್ನು. 2022ರಲ್ಲಿ ಬಂದಾಗ ಇದಕ್ಕೆ ಎರಡು ವರ್ಷದ ಗಡುವಿತ್ತು, 2025ರಲ್ಲಿ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ನಾಲ್ಕು ವರ್ಷಕ್ಕೆ ಏರಿಸಿದರು. ಅವಕಾಶ ಹಿಗ್ಗಿದ ಹಾಗೆ ಬೆಲೆಯೂ ಹಿಗ್ಗಿದೆ. ತೆರಿಗೆ ಮತ್ತು ಬಡ್ಡಿ ಕೂಡಿಸಿದ ಮೊತ್ತದ ಮೇಲೆ ಮೊದಲ ವರ್ಷದಲ್ಲಿ ಶೇ. 25, ಎರಡನೆಯದರಲ್ಲಿ 50, ಮೂರನೆಯದರಲ್ಲಿ 60, ನಾಲ್ಕನೆಯದರಲ್ಲಿ 70 ಹೆಚ್ಚುವರಿ ತೆರಿಗೆ.

2026ರ ಏಪ್ರಿಲ್‌ನಿಂದ 2027ರ ಮಾರ್ಚ್ 31ರ ನಡುವೆ ಹಾಕುವವರಿಗೆ ಇದು ಹೀಗೆ ಬೀಳುತ್ತದೆ: 2025-26ರ ಅಸೆಸ್‌ಮೆಂಟ್ ವರ್ಷಕ್ಕೆ ಶೇ. 25, 2024-25ಕ್ಕೆ 50, 2023-24ಕ್ಕೆ 60, 2022-23ಕ್ಕೆ 70. ಆ ದಿನ ದಾಟಿದರೆ 2022-23ರ ಬಾಗಿಲು ಮುಚ್ಚುತ್ತದೆ, ಉಳಿದವೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತವೆ.

ಒಂದು ಲೆಕ್ಕ ಪೂರ್ತಿ ನೋಡೋಣ. ಸಂಡೂರಿನ ಕಡೆ ಅದಿರು ಸಾಗಿಸುವ ಎರಡು ಲಾರಿಗಳ ಮಾಲೀಕರು ಎಂದುಕೊಳ್ಳಿ, ಆರ್‌ಸಿಯಲ್ಲಿ ಒಂದೊಂದರ ಒಟ್ಟು ತೂಕ 31 ಟನ್. ಸೆಕ್ಷನ್ 44ಎಇ ಪ್ರಕಾರ 12 ಟನ್ ಮೀರಿದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ, 12 ಟನ್ನಿನೊಳಗಿನ ಗಾಡಿಗೆ ತಿಂಗಳಿಗೆ 7,500. ಲಾರಿ ಓಡಿದರೂ ನಿಂತರೂ ಅಷ್ಟೇ. ಒಂದು ಲಾರಿಗೆ ವರ್ಷಕ್ಕೆ 3,72,000, ಎರಡಕ್ಕೆ 7,44,000. ಸಾಲದ ಬಡ್ಡಿ, ಡೀಸೆಲ್, ಟೈರು, ಡ್ರೈವರ್ ಸಂಬಳ ಯಾವುದನ್ನೂ ಇದರಿಂದ ಮತ್ತೆ ಕಳೆಯುವಂತಿಲ್ಲ. 2022-23ರ ಹಣಕಾಸು ವರ್ಷದಲ್ಲಿ 80ಸಿ ಅಡಿ 1,44,000 ಉಳಿತಾಯ ಇತ್ತೆಂದರೆ ತೆರಿಗೆಗೆ ಒಳಪಡುವುದು 6 ಲಕ್ಷ. ತೆರಿಗೆ ಸೆಸ್ ಸೇರಿ 33,800. ಹತ್ತು ಲಾರಿಯೊಳಗಿನವರು ಪ್ಯಾನ್ ಜೊತೆ ಘೋಷಣೆ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಕಡಿಯುವುದಿಲ್ಲವಾದ್ದರಿಂದ ಇಡೀ ಮೊತ್ತ ಬಾಕಿ.

2023ರ ಜುಲೈನಲ್ಲೇ ಹಾಕಿದ್ದರೆ ಮುಂಗಡ ತೆರಿಗೆ ಕಟ್ಟದ ಬಡ್ಡಿ ಸೇರಿ 36,855ರಲ್ಲಿ ಮುಗಿಯುತ್ತಿತ್ತು. 2025ರ ಮಾರ್ಚ್‌ನಲ್ಲಿ ಶೇ. 25ರ ದರದಲ್ಲಿ ಹಾಕಿದ್ದರೆ ಸುಮಾರು 68,000. 2027ರ ಮಾರ್ಚ್‌ನಲ್ಲಿ ಹಾಕಿದರೆ, ತಡದ್ದು, ಮುಂಗಡ ತೆರಿಗೆ ಕಟ್ಟದ್ದು ಎರಡೂ ಸೇರಿ ಬಡ್ಡಿಯೇ ಸುಮಾರು 32,800, ಅದರ ಮೇಲೆ ಶೇ. 60ರ ಹೆಚ್ಚುವರಿ ಸುಮಾರು 39,960, ತಡದ ಶುಲ್ಕ 5,000. ಒಟ್ಟು 1,11,500 ದಾಟುತ್ತದೆ. ಅದನ್ನೂ ಬಿಟ್ಟು ಏಪ್ರಿಲ್ 1ಕ್ಕೆ ಹೋದರೆ ಒಂದೇ ರಾತ್ರಿಗೆ 7,800ರಷ್ಟು ಏರುತ್ತದೆ. 33,800ರ ತೆರಿಗೆಗೆ ಇದು ನ್ಯಾಯವೇ ಎಂದು ಕೇಳಿದರೆ ನನಗೂ ಹೌದು ಅನ್ನಲು ಮನಸ್ಸಿಲ್ಲ. ಲೆಕ್ಕ ಮಾತ್ರ ಹೀಗಿದೆ.

ಮೂರ್ನಾಲ್ಕು ವರ್ಷ ಬಾಕಿ ಇದ್ದು ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು? ಹಳೆಯದರಿಂದ ಶುರು ಮಾಡೋಣ ಅನ್ನುವುದು ನಮ್ಮ ರೂಢಿ. ನಾನಾದರೆ ಶೇ. 25ರಲ್ಲಿರುವ ವರ್ಷವನ್ನು ಮೊದಲು ಮುಗಿಸು ಅನ್ನುತ್ತೇನೆ, ಏಕೆಂದರೆ ಅದು ಮುಂದಿನ ಏಪ್ರಿಲ್‌ಗೆ ನೇರ 50ಕ್ಕೆ ಜಿಗಿಯುತ್ತದೆ. 50ರದ್ದು 60ಕ್ಕೆ, 60ರದ್ದು 70ಕ್ಕೆ ಏರುವುದು ಅಷ್ಟು ಭಾರವಲ್ಲ. ಗಡುವೇ ಮುಗಿಯುವ ಕೊನೆಯ ವರ್ಷದ ವಿಷಯ ಬೇರೆ, ಅದರಲ್ಲಿ ಮೊತ್ತ ದೊಡ್ಡದಿದ್ದರೆ ಆಡಿಟರ್ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಿ.

ಐಟಿಆರ್-ಯು ಒಂದು ಅಸೆಸ್‌ಮೆಂಟ್ ವರ್ಷಕ್ಕೆ ಒಮ್ಮೆ ಮಾತ್ರ. ತಪ್ಪಾಯಿತೆಂದು ಮತ್ತೊಮ್ಮೆ ಹಾಕಲು ಬರುವುದಿಲ್ಲ. ನಷ್ಟ ತೋರಿಸಲು, ಹಣ ವಾಪಸ್ ಕೇಳಲು ಇದು ನಡೆಯುವುದಿಲ್ಲ. ಕಟ್ಟಲು ತೆರಿಗೆಯೇ ಇಲ್ಲದ ವರ್ಷಕ್ಕೂ ನಡೆಯುವುದಿಲ್ಲ.

ಭತ್ತ, ದಲಾಲಿ, ಹಾರ್ವೆಸ್ಟರ್: ಫಾರ್ಮ್ ತಪ್ಪುವ ಕಡೆಗಳು

ತುಂಗಭದ್ರಾ ನೀರಿನ ಊರುಗಳಲ್ಲಿ, ಸಿಂಧನೂರು, ಕಾರಟಗಿ, ಸಿರುಗುಪ್ಪದ ಕಡೆ, ಮಾಸ್ತರರಿಗೂ ಹೊಲ ಇರುತ್ತದೆ, ಕಿರಾಣಿ ಅಂಗಡಿಯವರಿಗೂ ಹೊಲ ಇರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ಅದನ್ನು ರಿಟರ್ನಿನಲ್ಲಿ ತೋರಿಸಬೇಕು. ಬೇರೆ ಆದಾಯ ವಿನಾಯಿತಿ ಮಿತಿ ಮೀರಿ, ಕೃಷಿ ಆದಾಯ 5,000 ದಾಟಿದರೆ ಎರಡನ್ನೂ ಕೂಡಿಸಿ ದರ ಲೆಕ್ಕ ಹಾಕುತ್ತಾರೆ. ಸಂಬಳದ ಮೇಲಿನ ತೆರಿಗೆ ಅಷ್ಟರಮಟ್ಟಿಗೆ ಏರುತ್ತದೆ.

5,000 ದಾಟಿದ ಕೃಷಿ ಆದಾಯ ಇದ್ದವರು ಐಟಿಆರ್-1, ಐಟಿಆರ್-4 ಎರಡನ್ನೂ ಹಾಕುವಂತಿಲ್ಲ. ಸಂಬಳದವರು ಐಟಿಆರ್-2, ವ್ಯಾಪಾರದವರು ಐಟಿಆರ್-3. ಇದು ಗೊತ್ತಿದ್ದೂ “ಭತ್ತದ್ದು ಬಿಟ್ಟುಬಿಡ್ರಿ, ಫಾರ್ಮ್ ಸಣ್ಣದಾಗ್ತದ” ಎಂದು ಹೇಳಿಕೊಡುವವರಿದ್ದಾರೆ. ಬಿಟ್ಟರೆ ನಾಳೆ ಖಾತೆಯ ನಗದು ಜಮೆಗೆ ಉತ್ತರ ಕೇಳಿದಾಗ “ಅದು ಭತ್ತದ್ದು” ಎನ್ನಲು ನಿಮ್ಮದೇ ರಿಟರ್ನ್ ಅಡ್ಡ ನಿಲ್ಲುತ್ತದೆ.

ಹೊಲವನ್ನು ಗುತ್ತಿಗೆಗೆ ಕೊಟ್ಟು ಬಂದ ಹಣವೂ ಕೃಷಿ ಆದಾಯವೇ. ಆದರೆ ಹಾರ್ವೆಸ್ಟರ್ ಬಾಡಿಗೆ, ಬೇರೆಯವರ ಹೊಲಕ್ಕೆ ಟ್ರ್ಯಾಕ್ಟರ್ ಬಿಟ್ಟ ಬಾಡಿಗೆ ಕೃಷಿಯಲ್ಲ, ವ್ಯಾಪಾರ. ಭತ್ತ ಕೊಂಡು ಅಕ್ಕಿ ಮಾಡಿ ಮಾರುವ ಮಿಲ್ಲೂ ವ್ಯಾಪಾರ.

ಹೊಲ ಮಾರಿದ ವರ್ಷ ಇದ್ದರೆ ದೂರ ಅಳೆಯಿರಿ. ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿದ್ದರೆ ನಗರಸಭೆಯ ಗಡಿಯಿಂದ 2 ಕಿಲೋಮೀಟರ್, 1 ಲಕ್ಷ ಮೀರಿ 10 ಲಕ್ಷದೊಳಗಿದ್ದರೆ 6 ಕಿಲೋಮೀಟರ್ ಒಳಗಿನ ಹೊಲದ ಲಾಭಕ್ಕೆ ತೆರಿಗೆ ಇದೆ. ಬಳ್ಳಾರಿ, ರಾಯಚೂರಿಗೆ 6ರ ಲೆಕ್ಕ, ಕೊಪ್ಪಳಕ್ಕೆ 2ರ ಲೆಕ್ಕ. ಅಳೆಯುವುದು ರಸ್ತೆಯ ಮೇಲಲ್ಲ, ನೇರ ಗೆರೆಯಲ್ಲಿ. ಅದರಾಚೆಯ ಹೊಲ ಮಾರಿದ್ದಕ್ಕೆ ತೆರಿಗೆ ಬರುವುದಿಲ್ಲ.

ರಾಯಚೂರಿನ ಗಂಜ್ (ಎಪಿಎಂಸಿ ಮಾರುಕಟ್ಟೆ) ವರ್ತಕರಿಗೆ ಒಂದು ಮಾತು. ವಹಿವಾಟಿನ ಶೇ. 6 ಅಥವಾ 8ರಷ್ಟು ಲಾಭ ತೋರಿಸಿ ಮುಗಿಸುವ 44ಎಡಿ ಸೌಲಭ್ಯ ಕಮಿಷನ್ ಆದಾಯಕ್ಕೆ ಇಲ್ಲ. ಹತ್ತಿಯನ್ನು ಸ್ವಂತಕ್ಕೆ ಕೊಂಡು ಮಾರುವವರಿಗೆ ಉಂಟು, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವವರಿಗೆ ಇಲ್ಲ. ದಲಾಲಿ ಅಂಗಡಿಯವರು ಲೆಕ್ಕದ ಪುಸ್ತಕ ಇಟ್ಟೇ ರಿಟರ್ನ್ ಹಾಕಬೇಕು. ಬಾಕಿ ವರ್ಷಗಳಿಗೂ ಗುಮಾಸ್ತರ ಚೋಪಡಿ ತೆಗೆಸಲೇಬೇಕು. ಮೂರು ವರ್ಷ ರಿಟರ್ನ್ ಹಾಕದವರು ಬ್ಯಾಂಕಿನಿಂದ ವರ್ಷಕ್ಕೆ 20 ಲಕ್ಷ ಮೀರಿ ನಗದು ತೆಗೆದರೆ ಶೇ. 2, 1 ಕೋಟಿ ಮೀರಿದರೆ ಶೇ. 5 ಟಿಡಿಎಸ್ ಹಿಡಿಯುವ ನಿಯಮವೂ ಇದೆ. ರೈತರಿಗೆ ಕೊಡಲು ತೆಗೆಯುವ ಎಪಿಎಂಸಿ ವರ್ತಕರಿಗೆ ಷರತ್ತಿನ ವಿನಾಯಿತಿ ಇದೆ, ಅದನ್ನು ಬ್ಯಾಂಕಿನಲ್ಲಿ ಬರೆದುಕೊಟ್ಟಿರಬೇಕು.

ಜಿಎಸ್‌ಟಿ ನೋಂದಣಿ ಇದ್ದವರು ಐಟಿಯ ವಹಿವಾಟನ್ನು ಜಿಎಸ್‌ಟಿ ರಿಟರ್ನಿನ ವಹಿವಾಟಿಗೆ ತಾಳೆ ಹಾಕಿಯೇ ಬರೆಯಿರಿ. ಎರಡೂ ಇಲಾಖೆಗಳು ಮಾಹಿತಿ ಹಂಚಿಕೊಳ್ಳುತ್ತವೆ.

ಇಲಾಖೆಯೇ ಕೊಡಬೇಕಾದ ವರ್ಷಗಳು

ಬಳ್ಳಾರಿಯ ಜೀನ್ಸ್ ಹೊಲಿಗೆಯವರು, ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಶುಚಿ ಮಾಡಿಕೊಡುವ ಘಟಕದವರು ಜಾಬ್‌ವರ್ಕ್ ಬಿಲ್ಲಿನಲ್ಲಿ ಶೇ. 1 ಟಿಡಿಎಸ್ ಹಿಡಿಸಿಕೊಂಡಿರುತ್ತಾರೆ. ನಿವೃತ್ತರು 15ಎಚ್ (ತಮಗೆ ತೆರಿಗೆ ಬರುವುದಿಲ್ಲ ಎಂಬ ಘೋಷಣೆ) ಕೊಡುವುದು ಮರೆತು ಠೇವಣಿ ಬಡ್ಡಿಯಲ್ಲಿ ಶೇ. 10 ಬಿಟ್ಟಿರುತ್ತಾರೆ. ತೆರಿಗೆಯೇ ಬರದ ಆದಾಯ, ಕಡಿತ ಮಾತ್ರ ಆಗಿದೆ. ಡಿಸೆಂಬರ್ 31 ದಾಟಿದ್ದರೆ ಐಟಿಆರ್-ಯು ಇಲ್ಲಿ ಕೆಲಸಕ್ಕೆ ಬಾರದು.

ಇದಕ್ಕಿರುವುದು ಸೆಕ್ಷನ್ 119(2)(ಬಿ) ಅಡಿ ವಿಳಂಬ ಮನ್ನಾ ಅರ್ಜಿ. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ಅಸೆಸ್‌ಮೆಂಟ್ ವರ್ಷ ಮುಗಿದ ಐದು ವರ್ಷದೊಳಗೆ ಅರ್ಜಿ ಹಾಕಬೇಕು. 2021-22ರ ಅಸೆಸ್‌ಮೆಂಟ್ ವರ್ಷದ್ದಕ್ಕೆ ಕೊನೆಯ ದಿನ 2027ರ ಮಾರ್ಚ್ 31. 1 ಕೋಟಿಯವರೆಗಿನ ಮೊತ್ತವನ್ನು ಆದಾಯ ತೆರಿಗೆ ಆಯುಕ್ತರ ಮಟ್ಟದಲ್ಲೇ ತೀರ್ಮಾನಿಸುತ್ತಾರೆ. ಪೋರ್ಟಲಿನ ಸರ್ವೀಸಸ್ ವಿಭಾಗದಲ್ಲಿ ಕಂಡೊನೇಶನ್ ರಿಕ್ವೆಸ್ಟ್ ಎಂದಿರುತ್ತದೆ, ಅಲ್ಲಿಂದಲೇ ಹಾಕಬಹುದು.

ಈ ಅರ್ಜಿಯ ಜೀವ ಇರುವುದು ಕಾರಣದಲ್ಲಿ. “ಗೊತ್ತಿರಲಿಲ್ಲ” ಎಂದು ಒಂದು ಸಾಲು ಬರೆದರೆ ಗಟ್ಟಿ ನಿಲ್ಲುವುದಿಲ್ಲ. ಆ ವರ್ಷ ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಕಾಗದ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ, ಟಿಡಿಎಸ್ ಹಿಡಿದವರು ತಡವಾಗಿ ಕಟ್ಟಿದ್ದರಿಂದ 26ಎಎಸ್‌ನಲ್ಲಿ ತಡವಾಗಿ ಕಂಡಿದ್ದರೆ ಅದರ ದಾಖಲೆ, ಹೀಗೆ ದಿನಾಂಕ ಹಾಕಿ ಬರೆಯಿರಿ. ಅರ್ಜಿ ಒಪ್ಪಿದ ಮೇಲೆ ಆ ಆದೇಶದ ಸಂಖ್ಯೆ ಹಾಕಿ ರಿಟರ್ನ್ ಸಲ್ಲಿಸಬೇಕು. ಹೀಗೆ ವಾಪಸ್ ಬರುವ ಹಣಕ್ಕೆ ಇಲಾಖೆ ಬಡ್ಡಿ ಕೊಡುವುದಿಲ್ಲ. ಬರಬೇಕಾದ್ದು ಸಾವಿರ, ಒಂದೂವರೆ ಸಾವಿರವಾದರೆ ಓಡಾಟಕ್ಕೆ ಹೋಲಿಸಿ ನೋಡಿ, ಬಿಟ್ಟರೂ ನಷ್ಟವಿಲ್ಲ.

ಕಟ್ಟಿ, ಹಾಕಿ, ದೃಢೀಕರಿಸಿ

ಐಟಿಆರ್-ಯುಗೆ ದುಡ್ಡು ಮೊದಲು, ರಿಟರ್ನ್ ಆಮೇಲೆ. ಪೋರ್ಟಲಿನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ (300) ಆರಿಸಿ ಕಟ್ಟಬೇಕು. ಇಲ್ಲಿ ಅಸೆಸ್‌ಮೆಂಟ್ ವರ್ಷ ತಪ್ಪಿದರೆ ಹಣ ಬೇರೆ ವರ್ಷದ ಖಾತೆಗೆ ಹೋಗಿ ಕೂರುತ್ತದೆ, ಆಮೇಲೆ ಚಲನ್ ತಿದ್ದುಪಡಿಗೆ ಅಲೆಯಬೇಕು. ನಿಮ್ಮ ಹಾಳೆಯಲ್ಲಿ ಎರಡೂ ವರ್ಷ ಬರೆಯಿರಿ ಅಂದದ್ದು ಇದಕ್ಕೇ. ಚಲನ್ನಿನ ಬಿಎಸ್‌ಆರ್ ಕೋಡು, ದಿನಾಂಕ, ಸಂಖ್ಯೆ ಮೂರನ್ನೂ ರಿಟರ್ನಿನಲ್ಲಿ ತುಂಬಿ, ಸೆಕ್ಷನ್ 139(8ಎ) ಆರಿಸಿ, ಈ ಮೊದಲು ರಿಟರ್ನ್ ಹಾಕಿಲ್ಲ ಎಂಬ ಕಾರಣ ಗುರುತಿಸಿ ಸಲ್ಲಿಸಿ.

ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ಆಗದವರು ಸಹಿ ಮಾಡಿದ ಪ್ರತಿಯನ್ನು ಬೆಂಗಳೂರಿನ ಸಿಪಿಸಿಗೆ ಅಂಚೆಯಲ್ಲಿ ಕಳಿಸಬಹುದು, ಅದಕ್ಕೂ ಅದೇ 30 ದಿನ. ಲಕ್ಷ ರೂಪಾಯಿ ಕಟ್ಟಿ ಒಟಿಪಿ ಹಾಕದೆ ಬಿಟ್ಟರೆ ರಿಟರ್ನ್ ಹಾಕಿಲ್ಲವೆಂದೇ ಲೆಕ್ಕ.

ರಿಟರ್ನ್ ತುಂಬಿಕೊಡುವವರು “ರಿಫಂಡ್ ತೆಗೆಸಿಕೊಡ್ತೀನಿ, ಅದರಾಗ ಇಷ್ಟು ನನಗ ಕೊಡ್ರಿ” ಅಂದರೆ ಅಲ್ಲಿಂದ ಎದ್ದು ಬನ್ನಿ. ಕೊಡದ ದೇಣಿಗೆ, ಇಲ್ಲದ ಮನೆ ಬಾಡಿಗೆ ತೋರಿಸಿ ತೆಗೆದ ರಿಫಂಡ್ ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳುವುದು ಪ್ಯಾನ್ ಯಾರದೋ ಅವರಿಗೆ. ಕಮಿಷನ್ ತಿಂದವನಿಗಲ್ಲ.

ನೋಟಿಸ್ ಬಂದಿದ್ದರೆ

ಮೊದಲು ಅಸಲಿಯೇ ನೋಡಿ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಸಂಖ್ಯೆ ಇರುತ್ತದೆ. ಪೋರ್ಟಲಿನ ಮುಖಪುಟದಲ್ಲೇ ಅದನ್ನು ಹಾಕಿ ಪರೀಕ್ಷಿಸಬಹುದು, ಲಾಗಿನ್ ಬೇಕಿಲ್ಲ. ಸಂದೇಹವಿದ್ದರೆ 1800 103 0025ಕ್ಕೆ ಕರೆ ಮಾಡಿ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಬೇಡಿ.

“ರಿಟರ್ನ್ ಹಾಕಿಲ್ಲ, ಗಮನಿಸಿ” ಎನ್ನುವ ನೆನಪಿನ ಮೆಸೇಜು ನೋಟಿಸಲ್ಲ, ಆಗ ಐಟಿಆರ್-ಯು ದಾರಿ ತೆರೆದೇ ಇರುತ್ತದೆ. 142(1), 148ಎ, 148 ಎಂಬ ಸೆಕ್ಷನ್ ಸಂಖ್ಯೆ ಕಂಡರೆ ಮಾತ್ರ ನೀವಾಗಿ ಏನೂ ಹಾಕಬೇಡಿ. ಅಲ್ಲಿಂದ ದಾರಿ ಬೇರೆ. ಉತ್ತರಿಸಲು ಕೊಟ್ಟ ದಿನ ನೋಡಿಕೊಂಡು ಅಷ್ಟರೊಳಗೆ ಸಿಎ ಬಳಿ ಹೋಗಿ, ನಿಮ್ಮ ಹಾಳೆ, ಪಟ್ಟಿ, ಪಹಣಿ ಜೊತೆಗಿರಲಿ. ಸಾಮಾನ್ಯವಾಗಿ ಅಸೆಸ್‌ಮೆಂಟ್ ವರ್ಷ ಮುಗಿದ ಮೂರು ವರ್ಷ ಮೂರು ತಿಂಗಳವರೆಗೆ, ಬಿಟ್ಟುಹೋದ ಆದಾಯ 50 ಲಕ್ಷ ಅಥವಾ ಹೆಚ್ಚಿದ್ದರೆ ಐದು ವರ್ಷ ಮೂರು ತಿಂಗಳವರೆಗೆ 148ರ (ಹಳೆಯ ವರ್ಷದ ಲೆಕ್ಕ ಮತ್ತೆ ತೆರೆಯುವ) ನೋಟಿಸ್ ಬರಬಹುದು.

“ಜೈಲಿಗೆ ಹಾಕ್ತಾರೇನ್ರಿ?” ಎಂದು ಕೇಳುವವರಿಗೆ: ಬೇಕೆಂದೇ ರಿಟರ್ನ್ ಹಾಕದವರ ಮೇಲೆ ಮೊಕದ್ದಮೆ ಹೂಡುವ ಸೆಕ್ಷನ್ 276ಸಿಸಿ ಇದೆ. ವ್ಯಕ್ತಿಗಳ ವಿಷಯದಲ್ಲಿ, ಟಿಡಿಎಸ್ ಮತ್ತು ಮುಂಗಡ ತೆರಿಗೆ ಕಳೆದು ಉಳಿದ ಬಾಕಿ 10,000 ಮೀರದಿದ್ದರೆ ಅದು ಅನ್ವಯಿಸುವುದಿಲ್ಲ.

ಬ್ಯಾಂಕಿನವರು ಕೇಳಿದ ಮೂರು ವರ್ಷ

ಬಾಕಿಯೇ ಇಲ್ಲದ ಹಳೆಯ ವರ್ಷಕ್ಕೆ ಈಗ ರಿಟರ್ನ್ ಹಾಕಲು ದಾರಿಯೇ ಇಲ್ಲದಿರುವುದರಿಂದ, ಬ್ಯಾಂಕಿಗೆ ಆ ವರ್ಷದ ಐಟಿ ಕೊಡಲು ಸಾಧ್ಯವಿಲ್ಲ. ಸಾಲಕ್ಕೆಂದೇ ಇಲ್ಲದ ಆದಾಯ ಹೆಚ್ಚಿಸಿ ತೆರಿಗೆ ಬರುವಂತೆ ಮಾಡಿ, ಶೇ. 60 ಹೆಚ್ಚುವರಿ ಕಟ್ಟಿ ಐಟಿಆರ್-ಯು ಹಾಕಿಸಿಕೊಂಡವರಿದ್ದಾರೆ. ಅದು ಸುಳ್ಳು ರಿಟರ್ನ್, ಮೇಲಾಗಿ ಮೂರೂ ರಸೀತಿಯ ಮೇಲೆ ಒಂದೇ ವಾರದ ದಿನಾಂಕ ಕಂಡರೆ ಸಾಲದ ಕಡತ ನೋಡುವವರಿಗೆ ಕಥೆ ಅರ್ಥವಾಗುತ್ತದೆ. ಅದರ ಬದಲು ಚಾಲ್ತಿ ವರ್ಷದ ರಿಟರ್ನನ್ನು ಸಮಯಕ್ಕೆ ಹಾಕಿ, ಅದರ ಜೊತೆ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ರಿಟರ್ನು, ಪಹಣಿ, ಲಾರಿಯ ಬಾಡಿಗೆ ಬಿಲ್ಲು ಇಟ್ಟು ಮ್ಯಾನೇಜರ್ ಮುಂದೆ ಕೂರಿ. ಆದಾಯ ಮಿತಿಯೊಳಗಿದ್ದ ವರ್ಷಗಳಿಗೆ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮಾಡಿಸಿಕೊಂಡು ಹೋಗಿ.